ಮತ್ತು ಇತರೆ ನಲವತ್ತು ಜನ

ಶಟರ್ ಅರ್ಧ ಎಳೀರಿ, ಪೂರಾ ಬ್ಯಾಡ.
ಪೂರಾ ಎಳದ್ರ ಒಳಸಂಚು ಅಂತಾರ,
ತೆರದಿಟ್ರ ಗುಂಪು.
ಕುಂಡ್ರಿರಿ, ಅಂಡಿಗಿ ಮ್ಯಾಲೇ ಕುಂಡ್ರಿರಿ.
ಕರಿ ಕೋಟಿಗೆ ಹತ್ತಿ ಹತ್ತಿದ್ರ ಹತ್ತಲಿ,
ರಾಯಚೂರು ಕೋರ್ಟಿನಾಗ ಅದನ್ನ ಯಾರೂ ಕೇಳಂಗಿಲ್ಲ.

ಎಫ್ಐಆರ್ ಓದಿ ಬಂದೀನಿ.
ನಿನ್ನೆ ಮುಂಜಾನೆ ಗಂಜಿನ ಗೇಟಿಗೆ
ಚೀಲಕ್ಕ ಎರಡು ರೂಪಾಯಿ ಏರಸ್ರಿ ಅಂತ ನೀವು ಕುಂತದ್ದು
ಅದರಾಗ ಇಲ್ಲ.
ಲಾರಿ ಗಾಜು ಐತಿ. ಗಾಜಿನ ರೇಟೂ ಐತಿ.
ಹೆಸರು ಮೂರೇ:
ಹುಸೇನಪ್ಪ, ಬಂದೇನವಾಜ, ಜಂಬಲಮ್ಮ,
ಆಮ್ಯಾಲೆ ‘ಮತ್ತು ಇತರೆ ನಲವತ್ತು ಜನ’.

ಆ ‘ಇತರೆ’ ಅಂಬೋದು ನೋಡ್ರಿ,
ಬಾಯಿ ಹೊಲೀಲಾರದ ಚೀಲ.
ಇವತ್ತು ರಾತ್ರಿ ಅದರಾಗ ಯಾರನ್ನ ಬೇಕಾದ್ರೂ ತುಂಬತಾರ,
ನಿನ್ನೆ ಊರಾಗ ಇರಲಾರದವನ್ನ,
ಚಾ ತರಾಕ ಹೋದ ಹುಡುಗನ್ನ.
ಅಂಜಿ ಓಡಬ್ಯಾಡ್ರಿ.
ಓಡಿದವಗ ‘ತಲೆಮರೆಸಿಕೊಂಡ’ ಅಂತ
ಇನ್ನೊಂದು ಹೆಸರಿಡ್ತಾರ, ತೊಟ್ಟಿಲಿಲ್ಲದ ಹೆಸರು.

ಐದು ಜನ ಕೂಡಿದ್ರ ಅಕ್ರಮ ಕೂಟ ಅಂತ ಬರದಾರ.
ದುರುಗಪ್ಪ ಕಾಕಾ ನಗತಾನ:
“ಒಂದು ಅಂಡಿಗಿ ಎತ್ತಾಕ ಆರು ಜನ ಬೇಕಲ್ಲವ್ವ?”
ಕೂಡಿದ್ದು ತಪ್ಪಲ್ಲ ಕಾಕಾ,
ಯಾತಕ್ಕ ಕೂಡಿದ್ರಿ ಅಂಬೋದನ್ನ ಕಾನೂನು ಕೇಳತದ.
ಅದಕ್ಕ ಉತ್ತರ ನಾ ಹೇಳ್ತೀನಿ, ಕೋರ್ಟಿನಾಗ.
ನೀ ಠಾಣೆದಾಗ ಹೆಸರು ಹೇಳು, ಊರು ಹೇಳು, ಸುಮ್ಮನಾಗು.
ಮತ್ತ ಅಲ್ಲಿ ನಗಬ್ಯಾಡ.

ಸೊಂಟದ ಕೊಕ್ಕೆ ತಗೀರಿ, ಎಲ್ಲಾರೂ.
ನಿಮಗದು ಆರನೇ ಬೆರಳು,
ಪಂಚನಾಮೆದಾಗ ಅದು ಮಾರಕಾಸ್ತ್ರ.
ಬಚ್ಚಿಡ್ರಿ ಅನ್ನಾಕ ನಾ ಬಂದಿಲ್ಲ.
ಗ್ವಾಡಿ ಮೊಳಿಗೆ ಸಾಲಾಗಿ ಹಾಕ್ರಿ,
ಕೆಲಸದ ಸಾಮಾನು ಕೆಲಸದ ಜಾಗದಾಗ
ಎಲ್ಲಾರ ಕಣ್ಣಿಗೂ ಕಾಣೂವಂಗ ಇರಲಿ.

ಬಾಗಿಲು ಬಡದ್ರ ಅವರ ಎದಿ ಮ್ಯಾಲಿನ ಹೆಸರು ಓದ್ರಿ,
ಓದಾಕ ಬರದಿದ್ರ ಮಕ್ಕಳ ಕಡಿಂದ ಓದಸ್ರಿ.
ಯಾಕ ಹಿಡದೀರಿ ಅಂತ ಕೇಳೂದು ಎದುರುತ್ತರ ಅಲ್ಲ, ಹಕ್ಕು.
ಮೆತ್ತಗ ಕೇಳ್ರಿ.
ಮೆತ್ತಗ ಕೇಳಿದ್ರೂ ಬೀಳತಾವ, ಗೊತ್ತೈತಿ.
ಮನ್ಯಾಗ ಒಬ್ಬರಿಗೆ ತಿಳಸ್ರಿ ಅಂತ ಹೇಳ್ರಿ.
ಬಿಳಿ ಹಾಳಿಗೆ ಸಹಿ ಇಲ್ಲ. ಹೆಬ್ಬೆಟ್ಟೂ ಇಲ್ಲ.
ಹಿಡದ ಟೈಮು ಸುಳ್ಳು ಬರದ್ರ ಖರೇ ಟೈಮು ನೆನಪಿಡ್ರಿ:
ಇಪ್ಪತ್ನಾಕು ತಾಸಿನೊಳಗ
ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸಬೇಕು.

ಅಲ್ಲಿ ಅವರು ತಲಿ ಎತ್ತಲಾರದ ಕೇಳ್ತಾರ,
“ಪೊಲೀಸರ ಮ್ಯಾಲೆ ಏನರ ತಕರಾರು?”
ಅಂಗಿ ಎತ್ತಿ ತೋರಸ್ರಿ.
ಇದೇ ಶೆಡ್ಡಿನ ಹಮಾಲ ಒಬ್ಬಾವ
ಆ ಪ್ರಶ್ನೆಗೆ “ಏನಿಲ್ರಿ” ಅಂತ ತಲಿ ಅಲ್ಲಾಡಿಸಿ
ಹನ್ನೊಂದು ವರ್ಷ ಕುಂಟಿದ.
ಅವನ ಕುಂಟು ಹೆಜ್ಜಿ ಹಿಂದ ಹಿಂದ ನಡದು
ನಾ ಸಾಲಿಗೆ ಹೋದೆ.

ಜಂಬಲಮ್ಮ ಸೆರಗಿನ ಹತ್ತಿ ಆರಿಸ್ಕೋಂತ ಕೇಳಿದ್ಲು, “ನಂದವ್ವ?”
ಹೊತ್ತು ಮುಳುಗಿದ ಮ್ಯಾಲೆ ನಿನ್ನ ಹಂಗ ಒಯ್ಯಂಗಿಲ್ಲ,
ಹೆಣ್ಣು ಪೊಲೀಸು ಬೇಕು, ಮ್ಯಾಜಿಸ್ಟ್ರೇಟರ ಕಾಗದ ಬೇಕು.
“ಹೊತ್ತು ಮುಳುಗಿದ ಮ್ಯಾಲೆ ಸಾವಕಾರ
ಹತ್ತಿ ಉಡುಗಾಕ ಒಯ್ತಾನಲ್ಲ,
ಅದಕ್ಕ ಕಾಗದ ಬ್ಯಾಡನು?”
ನಾ ಫೈಲಿನ ಹಾಳಿ ತಿರುವಿದೆ.
ಮುಂದಿನ ಹಾಳಿ ಖಾಲಿ ಇತ್ತು.

ಮೊಬೈಲು ಕಸಗೊಂತಾರ,
ನನ್ನ ನಂಬರು ಬಾಯಿಪಾಠ ಮಾಡ್ರಿ.
ಮುಂಗೈ ಮ್ಯಾಲೆ ಬರದ್ರ ಬೆವರಿಗೆ ನಿಲ್ಲವಲ್ದು.
ಹುಸೇನಪ್ಪ ಕಣ್ಣು ಮುಚ್ಚಿ
ಚೀಲ ಎಣಿಸಿದಂಗ ಸುರು ಮಾಡಿದ:
ಒಂಬತ್ತು, ನಾಕು, ನಾಕು, ಲಾಭ...
‘ಒಂದು’ ಅನ್ನೋ ಯಪ್ಪಾ, ಅದು ಒಂದು.
“ಈ ಶೆಡ್ಡಿನಾಗ ಒಂದು ಅನ್ನಂಗಿಲ್ರಿ.”
ಆಗಲಿ.
ಇತರೆ ಮಂದಿ ಹಿಂದಿಂದ ದನಿಗೂಡಸಿದ್ರು,
ಎಂಟು, ಸೊನ್ನಿ, ಲಾಭ...

ಅರ್ಧ ಎಳದ ಶಟರಿನ ಬುಡಕ್ಕ
ಜೀಪಿನ ಬೆಳಕು ಬಂದು ನಿಂತಾಗ
ಇನ್ನೂ ಮೂರು ಅಂಕಿ ಉಳದಿದ್ವು.